ಆ ಕಡೆಯ ಕುರ್ಚಿ

"ಈ ಒಂದು ಸಾಲು ಸಾಕು," ಎಂದು ತೆರಿಗೆ ಸಲಹೆಗಾರ ಕಾಗದದ ಮೇಲೆ ಬೆರಳಿಟ್ಟ. "ಇಲ್ಲಿ ನೂರಕ್ಕೆ ಮೂವತ್ತು, ಅಲ್ಲಿ ನೂರಕ್ಕೆ ಹನ್ನೆರಡು. ಮಿಕ್ಕಿದ್ದೆಲ್ಲ ವಿವರ."

ಮಿಕ್ಕಿದ್ದು ಒಂದು ಇಟ್ಟಿಗೆಯಷ್ಟು ದಪ್ಪವಿತ್ತು. ಅದಕ್ಕಾಗಿ ಲೆಕ್ಕದಕ್ಕ ಒಂದಿಡೀ ಬೇಸಿಗೆ ಕಣ್ಣು ಸವೆಸಿದ್ದಳು. ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ಲೆಕ್ಕ ವಿಭಾಗದ ಮುಖ್ಯಸ್ಥೆ ಎಂಬುದು ಬಾಗಿಲ ಮೇಲಿನ ಹಲಗೆಗೆ ಮಾತ್ರ ಗೊತ್ತಿದ್ದ ಹೆಸರು. ನಲ್ಲಿಗೆ ಹಾಕುವ ರಬ್ಬರ್ ವಾಷರು, ಪೈಪಿನ ಬಳೆಗಳನ್ನು ಮಾಡುವ ಆ ಕಾರ್ಖಾನೆಯನ್ನು ಕಾಗದದ ಮೇಲೆ ಗಡಿಯಾಚೆಗೆ ಸಾಗಿಸಿದರೆ ಲಾಭವೋ ನಷ್ಟವೋ ನೋಡಿ ಎಂದು ಯಜಮಾನ ಹೇಳಿದ್ದ. ಅವಳು ಎರಡು ದೇಶಗಳ ತೆರಿಗೆ ಕಾನೂನನ್ನು ಅಕ್ಕಪಕ್ಕ ಇಟ್ಟುಕೊಂಡು, ಎಡಗಡೆ 'ಈ ಕಡೆ', ಬಲಗಡೆ 'ಆ ಕಡೆ' ಎಂದು ಬರೆದು, ಒಂದೊಂದನ್ನೂ ತೂಗಿ ನೋಡಿದ್ದಳು.

ಈ ಕಡೆ ದರ ಜಾಸ್ತಿ, ನಿಜ. ಆದರೆ ಹೊಸ ಯಂತ್ರ ಕೊಂಡರೆ ಆ ಖರ್ಚನ್ನು ಅದೇ ವರ್ಷದ ಲಾಭದಿಂದ ಕಳೆಯಲು ಬಿಡುತ್ತಾರೆ. ಒಂದು ವರ್ಷ ನಷ್ಟವಾದರೆ ಅದನ್ನು ಮುಂದಿನ ವರ್ಷಗಳಿಗೆ ಒಯ್ಯಬಹುದು. ಆ ಕಡೆ ದರ ಕಡಿಮೆ; ಆದರೆ ಯಂತ್ರಕ್ಕೆ ರಿಯಾಯಿತಿ ಇಲ್ಲ, ಮೇಲಾಗಿ ಲಾಭವನ್ನು ಮನೆಗೆ ತರುವಾಗ ಹೊಸ್ತಿಲಲ್ಲೇ ಇನ್ನೊಂದು ತುಂಡು ಕತ್ತರಿಸಿಕೊಳ್ಳುತ್ತಾರೆ. ಎಲ್ಲ ಕೂಡಿ ಕಳೆದರೆ ಉಳಿಯುವುದು ಬೊಗಸೆಯಲ್ಲಿ ಹಿಡಿದ ನೀರಿನಷ್ಟು. ಅದೂ ಉಳಿಯಬೇಕಾದರೆ ಕಂಪನಿಯ ತೀರ್ಮಾನಗಳು ನಿಜವಾಗಿ ಆ ಕಡೆಯೇ ಆಗಬೇಕು. ಅಲ್ಲಿ ಬಾಗಿಲಿಗೆ ಹಲಗೆ ಹೊಡೆದು ಇಲ್ಲಿಂದ ಸೂತ್ರ ಎಳೆದದ್ದು ಗೊತ್ತಾದರೆ ಈ ಕಡೆಯ ಸರ್ಕಾರ ಇದು ನಮ್ಮದೇ ಕಂಪನಿ ಎಂದು ಪೂರ್ತಿ ಮೂವತ್ತನ್ನೂ ದಂಡ ಸಮೇತ ಕೇಳುತ್ತದೆ. ಆದ್ದರಿಂದ ಬೇಡ. ಕೊನೆಯ ಪುಟದಲ್ಲಿ 'ಬೇಡ' ಎಂಬ ಪದದ ಕೆಳಗೆ ಅವಳು ಗೆರೆ ಎಳೆದಿದ್ದಳು.

ಯಜಮಾನ ಕೊನೆಯ ಪುಟ ತೆರೆದ. ಅವನ ತಂದೆ ಕಾರ್ಖಾನೆ ಕಟ್ಟಿದವರು, ದೊಡ್ಡ ಯಜಮಾನರು. ಅವರು ತೀರಿಕೊಂಡು ವರ್ಷಗಳಾದರೂ ಇವನು ಎಲ್ಲರ ಬಾಯಲ್ಲಿ ಚಿಕ್ಕ ಯಜಮಾನನಾಗಿಯೇ ಉಳಿದಿದ್ದ. ಹುಡುಗನಾಗಿದ್ದಾಗ ಶಾಲೆ ಬಿಟ್ಟು ಬಂದು ಲೆಕ್ಕದಕ್ಕನ ಮೇಜಿನ ಪಕ್ಕ ಕೂತು ಪೆನ್ಸಿಲ್ ಕೆತ್ತುತ್ತಿದ್ದವನು. ಈಗಲೂ ಅವಳನ್ನು ಎರಡು ಥರ ಕರೆಯುತ್ತಿದ್ದ. 'ಅಕ್ಕಾ' ಎಂದರೆ ಏನೋ ಕೆಲಸ ಆಗಬೇಕಿದೆ, 'ಮೇಡಂ' ಎಂದರೆ ಸಿಟ್ಟು ಬಂದಿದೆ.

"ಅಂದ್ರೆ ಯಾರಾದ್ರೂ ನಿಜವಾಗ್ಲೂ ಅಲ್ಲಿ ಕೂತು ನಡೆಸ್ಬೇಕು. ಅಷ್ಟೇ ತಾನೇ ಅಕ್ಕಾ?"

"ಅಷ್ಟೇ ಅಲ್ಲ. ಬೇಡ ಅಂತ ಬರ್ದಿದೀನಿ."

"ಬರ್ದಿದೀರಿ. ಆದ್ರೆ ದಾರೀನೂ ನೀವೇ ತೋರ್ಸಿದೀರಲ್ಲ." ಅವನು ಸಲಹೆಗಾರನ ಮುಖ ನೋಡಿ ನಕ್ಕ. "ನಿಮಗಿಂತ ನಂಬಿಕಸ್ತರು ನಂಗ್ಯಾರಿದಾರೆ? ನೀವೇ ಹೋಗಿ ಕೂತ್ಕೊಳ್ಳಿ. ನಿರ್ದೇಶಕಿ. ಅಧ್ಯಕ್ಷೆ ಅಂತ ಬೇಕಾದ್ರೂ ಬರ್ಕೊಳ್ಳಿ."

ಡಾಕ್ಟರು 'ಈ ಔಷಧಿ ಮುಟ್ಟಬೇಡ' ಎಂದು ಬರೆದುಕೊಟ್ಟ ಚೀಟಿಯನ್ನೇ ಅಂಗಡಿಗೆ ಒಯ್ದು ಅದೇ ಔಷಧಿ ಕೊಂಡು ತಂದ ಹಾಗಾಯಿತು. ಅವಳ ಕಿವಿಯ ತುದಿ ಬಿಸಿಯಾಯಿತು. ಆ ಪುಟಗಳನ್ನು ಎತ್ತಿಕೊಂಡು, ಮೇಜಿನ ಮೇಲೆ ಕುಟ್ಟಿ ಸರಿಮಾಡಿ, ಎದ್ದಳು. ಆಗಲೇ ಆಗುವುದಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ತಾನಲ್ಲದಿದ್ದರೆ ಕಣ್ಣು ಮುಚ್ಚಿ ಸಹಿ ಹಾಕುವ ಯಾರನ್ನೋ ಕೂರಿಸುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳಾಗಿರಲಿಲ್ಲ. ಆದರೆ ನಿರ್ದೇಶಕಿ ಎಂಬ ಮಾತು ಮೆಟ್ಟಿಲಿಳಿಯುವಾಗ ಒಂದು ಕ್ಷಣ ನಾಲಿಗೆಗೆ ಸಿಹಿಯಾಗಿತ್ತು. ಆ ಸಿಹಿ ನೆನಪಾದಾಗಲೆಲ್ಲ ಮುಂದೆ ಎಷ್ಟೋ ದಿನ ಅವಳಿಗೆ ತನ್ನ ಮೇಲೆಯೇ ರೇಗುತ್ತಿತ್ತು.

ಮನೆಯಲ್ಲಿ ಗಂಡ ಬಟಾಣಿ ಸುಲಿಯುತ್ತ ಕೂತಿದ್ದ. ಅವನು ಅದೇ ಕಾರ್ಖಾನೆಯಲ್ಲಿ, ರಬ್ಬರು ಕಾಯಿಸಿ ಅಚ್ಚಿಗೆ ಹಾಕುವ ಅಚ್ಚಿನ ಮನೆಯ ಮೇಸ್ತ್ರಿ. ಅವನ ಬೆರಳುಗಳಿಂದ ಎಷ್ಟು ತಿಕ್ಕಿದರೂ ಸುಟ್ಟ ರಬ್ಬರಿನ ವಾಸನೆ ಹೋಗುತ್ತಿರಲಿಲ್ಲ. ವಿಷಯ ಕೇಳಿ ಹುಬ್ಬೇರಿಸಿದ.

"ಹಾಗಾದ್ರೆ ಇನ್ಮೇಲೆ ನೀನು ಬಂದ್ರೆ ನಾನು ಎದ್ದು ನಿಲ್ಬೇಕೇನೇ?"

"ಮೊದ್ಲು ಸಿಪ್ಪೆ ನೆಲಕ್ಕೆ ಹಾಕೋದು ನಿಲ್ಸಿ."

"ನೋಡು, ಅಧಿಕಾರ ಶುರುವಾಯ್ತು," ಎಂದು ಅವನು ಮಗಳ ಕಡೆ ಕಣ್ಣು ಹೊಡೆದ. ಕಾಲೇಜಿನ ಪುಸ್ತಕದಲ್ಲಿ ಮುಳುಗಿದ್ದ ಮಗಳು ತಲೆಯೆತ್ತದೆ ನಕ್ಕಳು. ಸೋಮವಾರ ಹೋಗಿ ಗುರುವಾರ ಬರುವುದೆಂದೂ, ನಡುವೆ ಅಡುಗೆ, ಬಟ್ಟೆ ಎಲ್ಲ ಅವರಿಬ್ಬರದೇ ಎಂದೂ ಕೇಳಿದ ಮೇಲೆ ಇಬ್ಬರ ನಗುವೂ ಅಡಗಿತು.

ಆ ಕಡೆಯ ಊರು ಬಸ್ಸಿನಲ್ಲಿ ಅರ್ಧ ಬೆಳಗಿನ ದಾರಿ. ಗಡಿಯ ಠಾಣೆಯಲ್ಲಿ ಒಬ್ಬ ಪೊಲೀಸಿನವಳು ಮೊದಲ ವಾರ ಕೇಳಿದಳು, "ಎಲ್ಲಿಗೆ?" "ಆಫೀಸಿಗೆ." "ಏನ್ ಕೆಲಸ?" ಲೆಕ್ಕದಕ್ಕ ಸ್ವಲ್ಪ ಯೋಚಿಸಿ, "ಕೂತ್ಕೊಳ್ಳೋದು" ಎಂದಳು. ಪೊಲೀಸಿನವಳು ನಗದೆ ಠಸ್ಸೆ ಒತ್ತಿದಳು.

ಕನ್ನಡಕದ ಅಂಗಡಿಯೊಂದರ ಮೇಲೆ, ಮೂರನೇ ಮಹಡಿಯಲ್ಲಿ ಒಂದು ಕೋಣೆ. ಉದ್ದನೆಯ ಮೇಜು, ಸುತ್ತ ಎಂಟು ಕುರ್ಚಿ. ಏಳರ ಮೇಲಿನ ಪ್ಲಾಸ್ಟಿಕ್ ಹೊದಿಕೆ ಯಾರೂ ತೆಗೆದಿರಲಿಲ್ಲ. ಮೊದಲ ದಿನ ಜೊತೆಗೆ ಬಂದಿದ್ದ ಸಲಹೆಗಾರ ಕೋಣೆಯನ್ನೆಲ್ಲ ಸುತ್ತಿ ಪಾಠ ಹೇಳಿದ. "ಲೈಟು, ಫ್ಯಾನು ಹಾಕೇ ಇಡಿ. ಊಟಕ್ಕೆ ಹೋದಾಗ್ಲೂ ಆರಿಸ್ಬೇಡಿ. ನಾಳೆ ಯಾರಾದ್ರೂ ತನಿಖೆಗೆ ಬಂದ್ರೆ ಮೊದ್ಲು ಕೇಳೋದೇ ಕರೆಂಟ್ ಬಿಲ್ಲು. ನೀರೂ ಅಷ್ಟೇ, ಸ್ವಲ್ಪ ಧಾರಾಳವಾಗಿ ಬಿಡಿ. ಇಲ್ಲಿ ಜನ ಇದಾರೆ ಅನ್ನಿಸ್ಬೇಕು."

"ನಾನು ಜನ ಅಲ್ವಾ?"

"ನೀವೊಬ್ರೇ ಅಲ್ವಾ," ಎಂದ ಅವನು, ಬಹಳ ಸಮಂಜಸವಾದ ಮಾತಾಡಿದವನಂತೆ.

ಕೋಣೆ ಬಿಡುವಾಗ ಸ್ವಿಚ್ಚು ಆರಿಸುವುದು ಅವಳ ಕೈಗೆ ಹುಟ್ಟಿನಿಂದ ಬಂದ ಅಭ್ಯಾಸ. ಅಲ್ಲಿ ಆರಿಸಿ, ಮೆಟ್ಟಿಲವರೆಗೆ ಹೋಗಿ, ನೆನಪಾಗಿ ಹಲ್ಲು ಕಚ್ಚಿಕೊಂಡು ವಾಪಸು ಬಂದು ಹಾಕಿ ಹೋಗುತ್ತಿದ್ದಳು. ಮಟಮಟ ಮಧ್ಯಾಹ್ನ, ಕಿಟಕಿಯ ತುಂಬ ಬಿಸಿಲಿರುವಾಗ, ಖಾಲಿ ಕುರ್ಚಿಗಳ ಮೇಲೆ ನಾಲ್ಕು ಟ್ಯೂಬ್‌ಲೈಟು ಉರಿಯುತ್ತಿದ್ದವು. ಅವಳ ಕೆಲಸವೆಂದರೆ ಆ ದೀಪಗಳದ್ದೇ: ಇರುವುದು, ಇದ್ದೇನೆಂದು ಬಿಲ್ಲಿನಲ್ಲಿ ಕಾಣಿಸುವುದು.

ಆ ದೇಶದ ಕಾನೂನಿನ ಪ್ರಕಾರ ಅಲ್ಲಿಯ ನಿವಾಸಿಯೊಬ್ಬ ನಿರ್ದೇಶಕನಾಗಿ ಇರಲೇಬೇಕು. ಅದಕ್ಕೆ ಸಹಿಗಿಷ್ಟೆಂದು ದುಡ್ಡು ಪಡೆಯುವ ಮುದುಕನೊಬ್ಬ ಇದ್ದ; ಅವಳು ಅವನಿಗೆ ಮನಸ್ಸಿನಲ್ಲೇ ಸಹಿ ತಾತ ಎಂದು ಹೆಸರಿಟ್ಟಿದ್ದಳು. ಅಂಚೆ ಕಚೇರಿಯಿಂದ ನಿವೃತ್ತನಾದ, ಬಿಳಿ ಹುಬ್ಬಿನ ಸಾಧು ಮನುಷ್ಯ. ಅವನು ಎಷ್ಟು ಕಂಪನಿಗಳಿಗೆ ನಿರ್ದೇಶಕ ಎಂಬುದು ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ. ತಿಂಗಳಿಗೊಮ್ಮೆ ಬಂದು, ಟೋಪಿ ತೆಗೆದು ಮೇಜಿನ ಮೇಲಿಟ್ಟು, "ಇದು ಯಾವ್ದಮ್ಮಾ, ಹಡಗಿಂದಾ ಔಷಧಿದಾ?" ಎಂದು ಕೇಳುತ್ತಿದ್ದ.

"ವಾಷರು, ಸರ್."

"ಹಾಂ, ವಾಷರು. ಸರಿ." ಅವನ ಬಾಯಲ್ಲಿ ಹೆಚ್ಚಾಗಿ ಇರುತ್ತಿದ್ದ ಮಾತು ಆ 'ಸರಿ'ಯೊಂದೇ.

ಯೋಜನೆ ಇದ್ದದ್ದು ಹೀಗೆ. ಕಾರ್ಖಾನೆಯ ಹೆಸರೂ ಅಚ್ಚುಗಳ ನಕ್ಷೆಯೂ ಇನ್ನು ಈ ಹೊಸ ಕಂಪನಿಯ ಆಸ್ತಿ. ಕಾರ್ಖಾನೆ ತನ್ನ ಸ್ವಂತ ಹೆಸರನ್ನು ತನ್ನದೇ ವಾಷರಿನ ಮೇಲೆ ಒತ್ತಬೇಕಾದರೆ ಈ ಕಂಪನಿಗೆ ಬಾಡಿಗೆ ಕೊಡಬೇಕು. ಬಾಡಿಗೆ ಹೋದಷ್ಟೂ ಲಾಭ ಈ ಕಡೆ ಕರಗಿ ಆ ಕಡೆ ಸೇರುತ್ತದೆ. ಬಾಡಿಗೆ ಎಷ್ಟೆಂದು ತೀರ್ಮಾನಿಸುವುದು ಇದೇ ಎಂಟು ಕುರ್ಚಿಯ ಕೋಣೆ. ಸಂಬಂಧವಿಲ್ಲದ ಹೊರಗಿನವನೊಬ್ಬ ಒಪ್ಪಿ ಕೊಡುವಷ್ಟು ಮಾತ್ರ ಇರಬೇಕು ಎಂದು ಎರಡೂ ದೇಶಗಳ ಕಾನೂನು ಹೇಳುತ್ತಿತ್ತು. ಮೊದಲ ಸಭೆಯಲ್ಲಿ ಲೆಕ್ಕದಕ್ಕ ಹಾಗೆಯೇ ತೂಗಿ ಒಂದು ಸಣ್ಣ ಬಾಡಿಗೆ ಗೊತ್ತುಮಾಡಿದಳು. ಸಹಿ ತಾತ 'ಸರಿ' ಎಂದ. ಚಿಕ್ಕ ಯಜಮಾನ ಫೋನಿನಲ್ಲಿ, "ಶುರುವಿಗೆ ಇಷ್ಟಿರ್ಲಿ ಅಕ್ಕಾ" ಎಂದ. ಆ 'ಶುರುವಿಗೆ' ಎಂಬ ಮಾತು ಅವಳ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತು.

ವರ್ಷದ ಲೆಕ್ಕ ಮುಚ್ಚುವ ತಿಂಗಳು ಬಂತು. ಗುರುವಾರ ಬಸ್ಸಿಳಿದು ಮನೆಗೆ ಬಂದರೆ ಗಂಡ ಅಡುಗೆಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದ. ಅವಳು ಚೀಲ ಕೆಳಗಿಡುವ ಮೊದಲೇ ಕೇಳಿದ.

"ಈ ಸಲ ಪಾಲು ಇಲ್ವಂತೆ. ನಿಜಾನಾ?"

ದೊಡ್ಡ ಯಜಮಾನರು ಹಿಂದೊಮ್ಮೆ ಕಾರ್ಖಾನೆ ಮುಳುಗುವ ಹೊತ್ತಿಗೆ ಕೆಲಸಗಾರರ ಜೊತೆ ಒಂದು ಒಪ್ಪಂದ ಮಾಡಿಕೊಂಡಿದ್ದರು: ಈಗ ಅರ್ಧ ಸಂಬಳಕ್ಕೆ ದುಡಿಯಿರಿ, ಮುಂದೆ ಪ್ರತಿ ವರ್ಷದ ಲಾಭದಲ್ಲಿ ನಿಮಗೊಂದು ಪಾಲು. ಜನ ದುಡಿದರು, ಕಾರ್ಖಾನೆ ಉಳಿಯಿತು. ಅಲ್ಲಿಂದ ಪಾಲು ತಪ್ಪಿರಲಿಲ್ಲ. ಜನ ಅದನ್ನು ನಂಬಿಯೇ ಮನೆಗೆ ಸುಣ್ಣ ಬಳಿಸುತ್ತಿದ್ದರು, ಹಲ್ಲು ಕಟ್ಟಿಸಿಕೊಳ್ಳುತ್ತಿದ್ದರು.

"ಯಾರ್ ಹೇಳಿದ್ದು?"

"ಇಡೀ ಅಚ್ಚಿನ ಮನೆ ಹೇಳ್ತಿದೆ. ಲಾಭಾನೇ ಇಲ್ವಂತೆ. ವರ್ಷ ಪೂರ್ತಿ ಮೂರು ಪಾಳಿ ಓಡ್ಸಿದೀವಿ, ಭಾನುವಾರ ಬಂದಿದೀವಿ, ಲಾಭ ಇಲ್ಲ ಅಂದ್ರೆ ಎಲ್ಲಿಗ್ ಹೋಯ್ತು?" ಅವನು ತೊಳೆದ ತಟ್ಟೆಯನ್ನೇ ಮತ್ತೆ ತೊಳೆದ. "ಆ ಕಡೆ ಆಫೀಸಿಗೆ ಹೋಯ್ತಂತೆ. ಆ ಕಡೆ ಆಫೀಸಲ್ಲಿ ಯಾರಿದಾರೆ ಅಂತ ಎಲ್ರೂ ನನ್ ಮುಖ ನೋಡ್ತಾರೆ."

"ನಾನು ಇಟ್ಟಿರೋ ಬಾಡಿಗೆಗೆ ಪಾಲು ಹೋಗಲ್ಲ ರೀ. ಲೆಕ್ಕ ನಂಗೊತ್ತು."

"ನಿನ್ ಲೆಕ್ಕ ತಗೊಂಡು ನಾನೇನ್ ಮಾಡ್ಲಿ? ಎರಡು ದೇಶ ಹೋಲಿಸಿ ಬರೆದಿದ್ದು ನೀನು. ಅಲ್ಲಿ ಹೋಗಿ ಕೂತಿದ್ದೂ ನೀನು. ನೀನು ಕೂತಿರೋ ಕುರ್ಚಿ ಇದ್ಯಲ್ಲ, ಅದು ನಮ್ಮ ಬೆವರಲ್ಲಿ ಮಾಡಿದ್ದು."

"ಅಪ್ಪಾ," ಎಂದಳು ಮಗಳು ಬಾಗಿಲಲ್ಲಿ ನಿಂತು.

"ನೀನ್ ಒಳಗೆ ಹೋಗು."

ಲೆಕ್ಕದಕ್ಕ ಚೀಲ ಬಿಚ್ಚಿ ಬಟ್ಟೆ ಹೊರಗೆ ತೆಗೆಯತೊಡಗಿದಳು. ಹೇಳಲು ಬಾಯಿ ತೆರೆದರೆ ಎಲ್ಲಿ ನಿಲ್ಲಿಸುತ್ತೇನೋ ಎಂದು ಅವಳಿಗೇ ಭಯವಾಯಿತು. ತಾನು 'ಬೇಡ' ಎಂದು ಬರೆದದ್ದನ್ನು, ಆ ಪದದ ಕೆಳಗೆ ಎಳೆದ ಗೆರೆಯನ್ನು ಈ ಮನುಷ್ಯನಿಗೆ ಅಂದೇ ಹೇಳಿದ್ದಳು. ಅವನು ಬಟಾಣಿ ಸುಲಿಯುತ್ತ ತಲೆಯಾಡಿಸಿದ್ದ. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದವನೂ ಇಟ್ಟಿಗೆ ದಪ್ಪದ ಆ ವರದಿಯಲ್ಲಿ ಒಂದೇ ಸಾಲು ಓದಿದ್ದ. ಮೂರು ದಿನ ಇಬ್ಬರೂ ಮಗಳ ಮೂಲಕ ಮಾತಾಡಿಕೊಂಡರು. ಉಪ್ಪು ಬೇಕೆಂದರೂ ಮಗಳೇ ಕೇಳಬೇಕಿತ್ತು.

ಸೋಮವಾರ ಆ ಕಡೆಯ ಕೋಣೆಗೆ ಬಂದು ಕಂಪ್ಯೂಟರ್ ತೆರೆದರೆ ಸಲಹೆಗಾರನ ಮೇಲ್ ಕಾದಿತ್ತು. ಅದರ ಜೊತೆಗೆ ಸಭೆಯ ನಿರ್ಣಯ, ಪೂರ್ತಿ ಬರೆದು ಮುಗಿಸಿದ್ದು. ಬಾಡಿಗೆ ಒಂದಕ್ಕೆ ನಾಲ್ಕು ಪಟ್ಟಾಗಿತ್ತು, ಅದೂ ವರ್ಷದ ಮೊದಲ ದಿನದಿಂದಲೇ ಅನ್ವಯ. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕಾರ್ಖಾನೆಯ ಲಾಭ ಒರೆಸಿಟ್ಟ ಹಾಗೆ ಹೋಗುತ್ತಿತ್ತು. ಕೆಳಗೆ ಹೀಗಿತ್ತು: 'ಅಧ್ಯಕ್ಷೆಯ ನೇತೃತ್ವದಲ್ಲಿ ಸುದೀರ್ಘ ಚರ್ಚೆ ನಡೆದು ಒಮ್ಮತದಿಂದ ಅಂಗೀಕರಿಸಲಾಯಿತು.' ತಾರೀಖು ನಾಳೆಯದು.

ಅಂದರೆ ಅಚ್ಚಿನ ಮನೆಗೆ ಮೊದಲೇ ಗೊತ್ತಿತ್ತು. ತೀರ್ಮಾನ ಮಾಡಬೇಕಾದ ತನಗೆ ಕೊನೆಗೆ ಗೊತ್ತಾಗಿತ್ತು. ಅವಳು 'ಸುದೀರ್ಘ ಚರ್ಚೆ' ಎಂಬ ಎರಡು ಪದಗಳನ್ನೇ ನೋಡುತ್ತ ಕೂತಳು. ಬಾಡಿಗೆ ಏರಿಸಿದ್ದಕ್ಕಿಂತ ಹೆಚ್ಚಾಗಿ ಆ ಎರಡು ಪದ ಅವಳನ್ನು ಚುಚ್ಚಿದವು. ನಡೆಯದ ಮಾತನ್ನು ತನ್ನ ಬಾಯಿಗೆ ತುರುಕಿ, ಬಾಯಿ ಒರೆಸಿ, ಕೂರಿಸಿದ್ದರು.

ಮರುದಿನ ಸಹಿ ತಾತ ಬಂದು ಟೋಪಿ ಮೇಜಿನ ಮೇಲಿಟ್ಟು, ಪೆನ್ನಿನ ಕ್ಯಾಪು ತೆಗೆದು, ಎಲ್ಲಿ ಹಾಕಬೇಕೆಂದು ಹುಡುಕಿದ.

"ತಡೀರಿ ಸರ್," ಎಂದಳು ಲೆಕ್ಕದಕ್ಕ. "ಇದ್ರಲ್ಲಿ ಸುದೀರ್ಘ ಚರ್ಚೆ ಅಂತ ಇದೆ. ಚರ್ಚೆ ಮಾಡೋಣ."

"ಚರ್ಚೆನಾ?" ಅವನು ಗಲಿಬಿಲಿಗೊಂಡ. "ಯಾವ್ದರ ಬಗ್ಗೆ?"

ಅವಳು ಎದ್ದು ಹೋಗಿ ಪಕ್ಕದ ಕುರ್ಚಿಯ ಪ್ಲಾಸ್ಟಿಕ್ ಹೊದಿಕೆಯನ್ನು ಪರಪರ ಹರಿದು ಎಳೆದು ಹಾಕಿದಳು. "ಇಲ್ಲಿ ಕೂತ್ಕೊಳ್ಳಿ. ಆ ಬಾಗಿಲ ಹತ್ರ ಗಾಳಿ." ಆಮೇಲೆ ಶುರುಮಾಡಿದಳು. ವಾಷರು ಅಂದರೇನು, ಅದನ್ನು ಎಷ್ಟಕ್ಕೆ ಮಾಡುತ್ತಾರೆ, ಎಷ್ಟಕ್ಕೆ ಮಾರುತ್ತಾರೆ, ಹೆಸರಿಗಾಗಿ ಜನ ಎಷ್ಟು ಹೆಚ್ಚು ಕೊಡುತ್ತಾರೆ, ಈ ಕಾಗದ ಎಷ್ಟು ಕೇಳುತ್ತಿದೆ. ಸಹಿ ತಾತ ಮೊದಮೊದಲು ಗಡಿಯಾರ ನೋಡುತ್ತಿದ್ದ. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡ.

"ಹೆಸರಿಗೇ ಇಷ್ಟು ಕೊಟ್ರೆ ಅವ್ರಿಗೆ ಉಳಿಯೋದೇನಮ್ಮಾ?"

"ಏನೂ ಇಲ್ಲ."

"ಹೊರಗಿನವ್ನು ಯಾರಾದ್ರೂ ಕೊಡ್ತಾನಾ?"

"ನೀವು ಕೊಡ್ತೀರಾ?"

"ನಾನ್ಯಾಕೆ ಕೊಡ್ಲಿ," ಎಂದ ಅವನು. ಆಮೇಲೆ ಪೆನ್ನನ್ನು ಬೆರಳಲ್ಲಿ ತಿರುಗಿಸುತ್ತ ಹೇಳಿದ, "ಅಮ್ಮಾ, ನಾನು ಒಂದ್ಸಲ ಸಹಿ ಹಾಕದೆ ಇದ್ರೆ ನಾಳೆಯಿಂದ ನನ್ನ ಯಾವ ಕಂಪನಿಯವ್ರೂ ಕರೆಯಲ್ಲ. ಮನೇಲಿ ಕಾಯಿಲೆಯವ್ಳು ಮಲಗಿದಾಳೆ."

ಅವಳಿಗೆ ಅವನ ಮೇಲೂ ಸಿಟ್ಟು ಬಂತು. ಆದರೆ ಆ ಸಿಟ್ಟು ಅವನ ಬಿಳಿ ಹುಬ್ಬಿನವರೆಗೆ ಹೋಗಿ ಅಲ್ಲೇ ನಿಂತಿತು. "ನೀವು ಹಾಕಿ ಸರ್. ನಾನು ಹಾಕಲ್ಲ. ಇಬ್ರಲ್ಲಿ ಒಬ್ರು ಹೌದು, ಒಬ್ರು ಅಲ್ಲ. ಸಮ ಆದ್ರೆ ಅಧ್ಯಕ್ಷೆ ಮಾತೇ ಕೊನೆ ಅಂತ ನಿಯಮ. ಆ ನಿಯಮಾನೂ ಅವ್ರೇ ಬರ್ಸಿದ್ದು."

ಸಹಿ ತಾತ ಸಹಿ ಹಾಕಿದ. ಟೋಪಿ ಇಟ್ಟುಕೊಂಡು ಬಾಗಿಲವರೆಗೆ ಹೋದವನು ತಿರುಗಿ, "ಚರ್ಚೆ ಚೆನ್ನಾಗಿತ್ತಮ್ಮಾ" ಎಂದು ಹೇಳಿ ಇಳಿದು ಹೋದ. ಅವಳು ನಿರ್ಣಯವನ್ನು ಹೊಸದಾಗಿ ಬರೆದಳು. ಸುದೀರ್ಘ ಚರ್ಚೆ ನಡೆಯಿತು ಎಂಬ ಸಾಲನ್ನು ಹಾಗೆಯೇ ಉಳಿಸಿ, ಬಾಡಿಗೆ ಏರಿಸುವ ಪ್ರಸ್ತಾಪ ತಿರಸ್ಕೃತವಾಯಿತು ಎಂದು ಸೇರಿಸಿ, ಸಹಿ ಹಾಕಿ ಕಳಿಸಿದಳು. ಕಳಿಸಿದ ಮೇಲೆ ಹರಿದ ಪ್ಲಾಸ್ಟಿಕ್ ಹೊದಿಕೆಯನ್ನು ಮಡಚಿ ಕಸದ ಬುಟ್ಟಿಗೆ ಹಾಕಿದಳು.

ಫೋನು ಹತ್ತು ಸಲ ಹೊಡೆದುಕೊಂಡಿತು. ಅವಳು ಎತ್ತಲಿಲ್ಲ. ಮರುದಿನ ಮಧ್ಯಾಹ್ನ ಮೆಟ್ಟಿಲ ಮೇಲೆ ಬೂಟುಗಳ ಸದ್ದಾಯಿತು. ಬಾಗಿಲು ತಳ್ಳಿಕೊಂಡು ಚಿಕ್ಕ ಯಜಮಾನ ಬಂದ. ಅವನ ಹಿಂದೆ ಏದುಸಿರು ಬಿಡುತ್ತ ಸಲಹೆಗಾರ. ತನ್ನದೇ ಕಂಪನಿಯ ಕೋಣೆಯನ್ನು ಚಿಕ್ಕ ಯಜಮಾನ ನೋಡಿದ್ದು ಅದೇ ಮೊದಲು. ಒಂದು ಕ್ಷಣ ಉರಿಯುವ ದೀಪಗಳನ್ನೂ ಖಾಲಿ ಕುರ್ಚಿಗಳನ್ನೂ ನೋಡಿ ತಬ್ಬಿಬ್ಬಾದವನಂತೆ ನಿಂತ.

"ಏನ್ ಮೇಡಂ ಇದು?"

"ತೀರ್ಮಾನ."

"ತೀರ್ಮಾನ ಮಾಡೋಕೆ ನೀವ್ಯಾರು?"

"ಅಧ್ಯಕ್ಷೆ. ನೀವೇ ಮಾಡಿದ್ದು."

ಅವನ ಕುತ್ತಿಗೆಯ ನರ ಉಬ್ಬಿತು. "ನಮ್ಮಪ್ಪ ನಿಮಗೆ ಕೆಲಸ ಕೊಟ್ರು. ಗಂಡ ಹೆಂಡ್ತಿ ಇಬ್ರೂ ನಮ್ಮ ಹತ್ರಾನೇ ಉಂಡಿದೀರಿ. ನಾನು ಹೇಳಿದ್ದು ಮಾಡೋಕೆ ನಿಮ್ಮನ್ನ ಇಲ್ಲಿ ಕೂರ್ಸಿದ್ದು, ನಿಮ್ಮ ತಲೆ ಓಡ್ಸೋಕಲ್ಲ."

"ಆ ಮಾತನ್ನ ಬರ್ದು ಕೊಡಿ," ಎಂದಳು ಲೆಕ್ಕದಕ್ಕ.

"ಸರ್," ಎಂದ ಸಲಹೆಗಾರ ತಗ್ಗಿದ ದನಿಯಲ್ಲಿ. ಅವನ ಮುಖ ಬಿಳುಚಿತ್ತು. "ಹಾಗನ್ಬೇಡಿ."

"ಯಾಕನ್ಬಾರ್ದು? ನನ್ ಕಂಪನಿ. ಈಗ್ಲೇ ತೆಗೀರಿ ಇವ್ರನ್ನ."

"ತೆಗೆಯೋಕಾಗಲ್ಲ ಸರ್. ಇವ್ರು ಒಲ್ಲೆ ಅಂದ ಮರುದಿನಾನೇ ನೀವು ಬಂದು ತೆಗೆದ್ರಿ ಅಂದ್ರೆ, ಕಂಪನಿ ನಡೆಸ್ತಿರೋದು ನೀವು, ಕಾರ್ಖಾನೆಯಲ್ಲಿ ಕೂತು, ಅಂತ ನಾವೇ ಒಪ್ಕೊಂಡ ಹಾಗೆ. ಆಮೇಲೆ ಪೂರ್ತಿ ಮೂವತ್ತು ಕಟ್ಬೇಕು. ದಂಡ ಬೇರೆ."

ಚಿಕ್ಕ ಯಜಮಾನ ಅವನನ್ನೇ ನೋಡಿದ. ಬೀದಿಯಲ್ಲಿ ಒಂದು ಲಾರಿ ಹಿಂದಕ್ಕೆ ಚಲಿಸುತ್ತ ಕೀಂ ಕೀಂ ಎನ್ನುತ್ತಿತ್ತು. "ಮತ್ತೇನ್ ಮಾಡ್ಬೇಕು?"

"ಈ ವರ್ಷ ಏನೂ ಮಾಡೋ ಹಾಗಿಲ್ಲ. ಇವ್ರ ಅವಧಿ ಮುಗಿಯೋವರ್ಗೂ ಇವ್ರೇ ಇರ್ಬೇಕು."

"ಇದನ್ನ ಮೊದ್ಲೇ ಯಾಕ್ ಹೇಳ್ಲಿಲ್ಲ?"

ಅಲ್ಲಿಯವರೆಗೆ ದನಿ ಏರಿಸದಿದ್ದ ಲೆಕ್ಕದಕ್ಕನಿಗೆ ಆಗ ತಡೆಯಲಾಗಲಿಲ್ಲ. ಅವಳು ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಜಾರಿ ಗೋಡೆಗೆ ಬಡಿಯಿತು.

"ಹೇಳಿದ್ದೆ. ಬರ್ದು ಕೊಟ್ಟಿದ್ದೆ. ಒಂದು ಬೇಸಿಗೆ ಪೂರ್ತಿ ಕೂತು ಎರಡೂ ಕಡೆ ಅಳೆದು, ಬೇಡ ಅಂತ ಬರ್ದು, ಕೆಳಗೆ ಗೆರೆ ಎಳೆದಿದ್ದೆ. ನೀವು ಒಂದು ಸಾಲು ಓದಿದ್ರಿ. ನನ್ನ ತಗೊಂಡ್ ಬಂದು ಟ್ಯೂಬ್‌ಲೈಟ್ ಥರ ಇಲ್ಲಿ ಉರಿಯೋಕೆ ಹಾಕಿದ್ರಿ. ನನ್ ಮನೇಲಿ ನಂಗೆ ನೀರು ಕೊಡೋರಿಲ್ಲ ಈಗ. ನಿಮ್ಮಪ್ಪ ಅರ್ಧ ಸಂಬಳಕ್ಕೆ ದುಡೀರಿ ಅಂದಾಗ ಜನ ದುಡಿದ್ರಲ್ಲ, ಅವ್ರಲ್ಲಿ ನಾನೂ ಇದ್ದೆ. ಆ ಪಾಲು ನೀವು ಕೊಡೋ ಭಿಕ್ಷೆ ಅಲ್ಲ."

ಚಿಕ್ಕ ಯಜಮಾನ ಏನೋ ಹೇಳಹೋಗಿ, ಮೇಡಂ ಎನ್ನಬೇಕೋ ಅಕ್ಕಾ ಎನ್ನಬೇಕೋ ತಿಳಿಯದವನ ಹಾಗೆ ಬಾಯಿ ಮುಚ್ಚಿಕೊಂಡ. ಇಬ್ಬರೂ ಮೆಟ್ಟಿಲಿಳಿದು ಹೋದರು. ಗೆದ್ದೆ ಎಂದು ಅವಳಿಗೆ ಅನ್ನಿಸಲಿಲ್ಲ. ಮೈಯೆಲ್ಲ ಕಾದ ಹೆಂಚಿನ ಹಾಗಿತ್ತು. ಎದ್ದು ಹೋಗಿ ನಾಲ್ಕೂ ದೀಪ ಆರಿಸಿದಳು. ಬಿಸಿಲು ಬೇಕಾದಷ್ಟಿತ್ತು.

ಮುಂದಿನ ತಿಂಗಳು ಕಾರ್ಖಾನೆಯಲ್ಲಿ ಪಾಲು ಬಟವಾಡೆಯಾಯಿತು. ಯಾಕೆ ಬಂತೆಂದು ಯಾರೂ ಹೇಳಲಿಲ್ಲವಾದ್ದರಿಂದ ಜನ ತಮಗೆ ತೋಚಿದ ಕಾರಣ ಕೊಟ್ಟುಕೊಂಡರು. ಗಂಡ ಕವರನ್ನು ಮೇಜಿನ ಮೇಲಿಟ್ಟು, ಮಗಳ ಕಡೆ ತಿರುಗಿಕೊಂಡು ಹೇಳಿದ, "ಎಷ್ಟಾದ್ರೂ ಅಪ್ಪನ ಮಗ. ಕೊನೆಗೆ ಮನಸ್ಸು ಕರಗ್ತು ನೋಡು ಚಿಕ್ಕ ಯಜಮಾನ್ರಿಗೆ." ಲೆಕ್ಕದಕ್ಕ ಇಸ್ತ್ರಿ ಪೆಟ್ಟಿಗೆಯನ್ನು ಅಂಗಿಯ ತೋಳಿನ ಮೇಲೆ ಒತ್ತಿ ಹಿಡಿದಿದ್ದಳು. ಬಟ್ಟೆ ಸೀಯುವ ವಾಸನೆ ಬಂದಾಗ ಎತ್ತಿದಳು. ಅದು ಅವನ ಅಂಗಿ. ತೋಳಿನ ಮೇಲೆ ಕಂದು ಬಣ್ಣದ ಒಂದು ಎಲೆ ಮೂಡಿತ್ತು. ಅವಳು ಅದನ್ನು ಮಡಚಿ ಉಳಿದ ಬಟ್ಟೆಗಳ ಜೊತೆ ಇಟ್ಟಳು.

ಅವನಿಗೆ ವಿಷಯ ಗೊತ್ತಾದದ್ದು ಯಜಮಾನನ ಕಾರಿನ ಡ್ರೈವರನಿಂದ. ಆ ದಿನ ಗಡಿಯಾಚೆಯಿಂದ ವಾಪಸು ಬರುವಾಗ ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಆ ಇಬ್ಬರೂ ಅವಳನ್ನು ಬೈದದ್ದನ್ನೆಲ್ಲ ಡ್ರೈವರು ಮನಸ್ಸಿನಲ್ಲಿಟ್ಟುಕೊಂಡಿದ್ದು, ಒಂದು ದಿನ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಹೇಳಿಬಿಟ್ಟ. ಗಂಡ ಮನೆಗೆ ಬಂದು ಬೂಟು ಕೂಡ ಬಿಚ್ಚದೆ ನಿಂತ.

"ಯಾಕ್ ಹೇಳ್ಲಿಲ್ಲ?"

"ಕೇಳಿದ್ರಾ?"

"ಇಷ್ಟು ದಿನ ನಾನು ಆ ಮನುಷ್ಯನ್ನ ಹೊಗಳ್ತಾ ಇದ್ದೆ. ನೀನು ಸುಮ್ನೆ ಕೇಳಿಸ್ಕೊಂಡ್ಯಾ?"

"ಕುರ್ಚಿ ವಿಷ್ಯ ಹೇಳಿದ್ರಲ್ಲ, ಅದನ್ನೂ ಸುಮ್ನೆ ಕೇಳಿಸ್ಕೊಂಡೆ."

ಅವನು ಬೂಟಿನ ದಾರ ಬಿಚ್ಚಲು ಬಗ್ಗಿದ. ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ. ತಪ್ಪಾಯಿತು ಎಂಬ ಮಾತು ಆ ಮನೆಯಲ್ಲಿ ಬಳಕೆಯಲ್ಲಿದ್ದದ್ದಲ್ಲ. ಅವನ ಅಪ್ಪ ಹೇಳಿದವರಲ್ಲ, ಅವನೂ ಹೇಳಿದವನಲ್ಲ. ಅವಳೂ ಅದಕ್ಕಾಗಿ ಕಾಯಲಿಲ್ಲ. ಅವಧಿ ಮುಗಿದ ಮೇಲೆ ತನ್ನನ್ನು ಇಟ್ಟುಕೊಳ್ಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆ ಕಾಗದ ಆಗಲೇ ಎಲ್ಲೋ ಟೈಪಾಗುತ್ತಿರಬಹುದು. ಅದರಲ್ಲೂ ಒಮ್ಮತ ಇರುತ್ತದೆ. ಅಲ್ಲಿಯವರೆಗೆ ಸೋಮವಾರ ಹೋಗಬೇಕು, ಗುರುವಾರ ಬರಬೇಕು.

ಆ ಸೋಮವಾರ ಅವಳು ಚೀಲ ಹಿಡಿದು ಹೊರಟಾಗ ಅವನು ಮಾತಿಲ್ಲದೆ ಚೀಲ ತೆಗೆದುಕೊಂಡ. ಸುಟ್ಟ ಗುರುತಿನ ಅಂಗಿಯನ್ನೇ ಹಾಕಿಕೊಂಡಿದ್ದ, ತೋಳನ್ನೂ ಮಡಚಿರಲಿಲ್ಲ. ಬಸ್ ನಿಲ್ದಾಣದವರೆಗೆ ಇಬ್ಬರೂ ರಸ್ತೆಯ ಒಂದೊಂದು ಅಂಚಿನಲ್ಲಿ ನಡೆದರು. ಕಾರ್ಖಾನೆಯ ಸೈರನ್ ಕೂಗಿತು. ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ. ಬಸ್ಸು ಬಂತು. ಅವನು ಹತ್ತಿ, ಚೀಲವನ್ನು ಮೇಲಿನ ಹಲಗೆಯ ಮೇಲೆ ಇಟ್ಟು, ಅಲುಗಾಡುವುದಿಲ್ಲವೆಂದು ಎರಡು ಸಲ ತಳ್ಳಿ ನೋಡಿ, ಇಳಿದ.

ಅವಳು ಕಿಟಕಿಯ ಪಕ್ಕ ಕೂತಳು. ಗಾಜು ಮಸುಕಾಗಿತ್ತು. ಹೊರಗೆ ನಿಂತ ಅವನಿಗೆ ಅವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲವೆಂದು ತೋರುತ್ತದೆ. ಹತ್ತಿರ ಬಂದು ಅಂಗಿಯ ತೋಳಿನಿಂದ ಗಾಜನ್ನು ಉಜ್ಜತೊಡಗಿದ. ಉಜ್ಜಿದ, ಕಣ್ಣು ಕಿರಿದು ಮಾಡಿ ನೋಡಿದ, ಬಾಯಿಂದ ಹಬೆ ಊದಿ ಮತ್ತೆ ಉಜ್ಜಿದ. ಕೊಳೆ ಇದ್ದದ್ದು ಒಳಗಡೆ. ಅವಳು ಹೇಳಲಿಲ್ಲ. ಬಸ್ಸು ಹೊರಡುವವರೆಗೂ ಅವನು ಉಜ್ಜುತ್ತಲೇ ಇದ್ದ.